ಯಾವ ಮರ ಎಂದು ಕೇಳುವ ಮೊದಲು

ಇಂಗ್ಲೆಂಡಿನ ನಮ್ಮ ಮನೆಯ ಮಹಡಿಯ ಜಂತಿಗಳನ್ನು ಬದಲಾಯಿಸಬೇಕಾಗಿ ಬಂದು, ಹೊಸ ಮರ ಬಂದಿಳಿದಾಗ, ರೂಢಿಯಂತೆ ‘ಇದು ಯಾವ ಮರ?’ ಎಂದು ಕೇಳಿದೆ. ಬಡಗಿ ಒಂದು ಜಂತಿಯನ್ನು ಮಗುಚಿ, ಅದರ ಮೈಮೇಲಿದ್ದ ‘ಸಿ24’ ಎಂಬ ಮುದ್ರೆಯನ್ನು ತೋರಿಸಿ ಸುಮ್ಮನಾದರು. ಕೇಳಬೇಕಾದುದನ್ನು ಬಿಟ್ಟು ಬೇರೇನನ್ನೋ ಕೇಳಿದೆನೆಂದು ಮನಸ್ಸಿಗೆ ಚುರುಕ್ಕೆಂದಿತು.

ಬಾಗಿಸುವ ಹೊರೆಯನ್ನು ಮರ ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್‌ವರೆಗೆ ತಾಳುತ್ತದೆ ಎಂದು ಲೆಕ್ಕಕ್ಕೆ ಹಿಡಿಯಬಹುದೋ, ಆ ಸಂಖ್ಯೆಯೇ ಸಿ24 ಎಂಬ ಬಲದ ದರ್ಜೆಯ ಈ 24. ಗೋಡೆಯ ಚೌಕಟ್ಟಿಗೂ ಗಿಡ್ಡ ಜಂತಿಗಳಿಗೂ ಸಿ16 ಸಾಕು. ಅಗಲವಾದ ಕೋಣೆಯ ಜಂತಿ, ಉದ್ದನೆಯ ಪಕ್ಕಾಸುಗಳಿಗೆ ಸಿ24 ಬೇಕಾಗುತ್ತದೆ. ಎರಡೂ ಒಂದೇ ಸ್ಪ್ರೂಸ್ ಮರದಿಂದ ಕೊಯ್ದವಾಗಿರಬಹುದು. ಬಡಗಿ ಒಂದೇ ಅಳತೆಯ ಎರಡು ತುಂಡುಗಳನ್ನು ಪಕ್ಕಪಕ್ಕದಲ್ಲಿಟ್ಟರು: ಎರಡರಲ್ಲೂ ಹೆಬ್ಬೆರಳಗಲದ ಗಂಟಿತ್ತು, ಒಂದರಲ್ಲಿ ನಡುಮಧ್ಯೆ, ಇನ್ನೊಂದರಲ್ಲಿ ಅಂಚಿನಲ್ಲಿ. ಹೊರೆ ಬಿದ್ದಾಗ ಜಂತಿಯ ಕೆಳಅಂಚು ಹಿಗ್ಗುತ್ತದೆ. ಗಂಟನ್ನು ಬಳಸಿ ಓರೆಯಾದ ನಾರು ಮೊದಲು ಬಿಡುವುದೇ ಅಲ್ಲಿ. ಮೇಲಂಚು ಕೆಳಅಂಚುಗಳ ನಡುವಿನಲ್ಲಿ ಎಳೆತವೂ ಒತ್ತಡವೂ ತೀರ ಕಡಿಮೆ. ಆದ್ದರಿಂದ ದರ್ಜೆ ಕಟ್ಟುವವರು ಗಂಟಿನ ಗಾತ್ರದಷ್ಟೇ ಅದರ ಜಾಗವನ್ನೂ ಅಳೆಯುತ್ತಾರೆ, ನಾರಿನ ಓರೆಯನ್ನೂ ಬಿರುಕನ್ನೂ ನೋಡುತ್ತಾರೆ.

ಆಗ ನೆನಪಾದದ್ದು ಊರಿನ ನಮ್ಮ ಹಳೆಯ ಮನೆಯ ಮತ್ತಿಯ ತೊಲೆ. ಮತ್ತಿಯೆಂಬ ಹೆಸರನ್ನು ನಂಬಿ ಏರಿಸಿದ ಆ ತೊಲೆ ಬಿರಿದದ್ದು ಕೆಳಅಂಚಿನ ಗಂಟಿನಿಂದಲೇ. ತೇಗ, ಹೊನ್ನೆ, ಮತ್ತಿ ಎಂದರೆ ನಮ್ಮಲ್ಲಿ ವಿಚಾರಣೆ ಮುಗಿಯಿತು. ಉಳಿದ ಅನುಮಾನಕ್ಕೆ ತೊಲೆಯನ್ನು ಇನ್ನಷ್ಟು ದಪ್ಪ ಮಾಡುತ್ತೇವೆ. ನಿಯಮವಿಲ್ಲವೆಂದಲ್ಲ. ಕಟ್ಟಡದ ಮರಕ್ಕೆ ಸೆಲೆಕ್ಟ್, ಗ್ರೇಡ್ 1, ಗ್ರೇಡ್ 2 ಎಂಬ ಮೂರು ದರ್ಜೆಗಳನ್ನು ಹೇಳುವ ಭಾರತೀಯ ಮಾನದಂಡ ಐಎಸ್ 3629 ಇದ್ದೇ ಇದೆ. ಆದರೆ ಊರಿನಲ್ಲಿ ನಾನು ಕಂಡ ಒಂದು ತೊಲೆಯ ಮೇಲೂ ಆ ಮುದ್ರೆಯಿರಲಿಲ್ಲ, ಮತ್ತು ಅದನ್ನು ಕೇಳಿದವರನ್ನೂ ನಾನು ಕಾಣಲಿಲ್ಲ. ಇದು ನನಗೆ ಇಂದಿಗೂ ಸಹಿಸಲಾಗದ ಸಂಗತಿ.

ಒಂದು ಮಾತನ್ನು ಮಾತ್ರ ಒಪ್ಪಿಕೊಳ್ಳಬೇಕು. ಸಿ24 ಎಂಬುದು ಬಲದ ಅಳತೆ, ಗೆದ್ದಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಗೆದ್ದಲು ಹತ್ತುವ ನಾಡಿನಲ್ಲಿ ಜಾತಿ ಯಾವುದು, ಚೇಗು ಎಷ್ಟಿದೆ ಎಂದು ಕೇಳುವುದು ತಪ್ಪಲ್ಲ. ನಮ್ಮ ಬಡಗಿಗಳು ಮರವನ್ನು ತಟ್ಟಿ ಕಿವಿಗೊಡುತ್ತಿದ್ದುದನ್ನು ನಾನು ಬರಿಯ ಅಭ್ಯಾಸವೆಂದು ತಿಳಿದಿದ್ದೆ. ಆದರೆ ಹಲಗೆಯ ತುದಿಗೆ ಸುತ್ತಿಗೆಯಿಂದ ತಟ್ಟಿ, ಹೊಮ್ಮುವ ನಾದದ ಕಂಪನದಿಂದಲೇ ಅದರ ಬಿಗುಪನ್ನು ಲೆಕ್ಕ ಹಾಕುವ ಯಂತ್ರಗಳು ಇಲ್ಲಿನ ಮರ ಕೊಯ್ಯುವ ಕಾರ್ಖಾನೆಗಳಲ್ಲಿವೆ.