ಊಟದ ಮೇಜಿನ ಮೇಲೆ ದುರ್ಗದ ಕೋಟೆ

ಹೋದ ಭಾನುವಾರ ರಾತ್ರಿ ಹನ್ನೊಂದಾದರೂ ನಮ್ಮ ಮನೆಯ ಊಟದ ಮೇಜಿನ ಮೇಲೆ ಚಿತ್ರದುರ್ಗದ ಎರಡನೇ ಬಾಗಿಲು ಬಿದ್ದಿರಲಿಲ್ಲ. ಆಟಿಕೆ ಸಿಪಾಯಿಗಳ ಯುದ್ಧದಾಟದಲ್ಲಿ ಹೈದರಾಲಿ ಕಡೆ ಆಡುತ್ತಿದ್ದ ಗೆಳೆಯ ಟೇಲರ್ ಟೇಪು ಹಿಡಿದು ಮೂರನೇ ಸಲ ಅಳೆಯುತ್ತಿದ್ದ. ಕುದುರೆಗಳಿಗೆ ಇನ್ನು ಎರಡು ಇಂಚು ಬೇಕಿತ್ತು. ತಟ್ಟೆಯಲ್ಲಿ ಮಂಡಕ್ಕಿ ಮೆತ್ತಗಾಗಿತ್ತು, ಮಿರ್ಚಿ ತಣ್ಣಗಾಗಿತ್ತು. ಯಾರಿಗೂ ಅದರ ಕಡೆ ಗಮನ ಇರಲಿಲ್ಲ. ನಾಲ್ವರಲ್ಲಿ ಒಬ್ಬರೂ ಮೊಬೈಲ್ ಮುಟ್ಟದೆ ಮೂರು ಗಂಟೆ ಕಳೆದಿತ್ತು.

ನಾವು ನಾಲ್ಕೂ ಜನ ದಾವಣಗೆರೆಯಲ್ಲೇ ಬೆಳೆದವರು. ಚಿಕ್ಕವರಿದ್ದಾಗ ದುಗ್ಗಮ್ಮನ ಜಾತ್ರೆಯಲ್ಲಿ ಪಾಕೀಟಿಗಿಷ್ಟು ಅಂತ ಹಸಿರು ಪ್ಲಾಸ್ಟಿಕ್ ಸಿಪಾಯಿಗಳು ಸಿಗುತ್ತಿದ್ದವು. ಮನೆ ಕಟ್ಟಲು ತಂದು ಹಾಕಿದ ಮರಳಿನ ಗುಡ್ಡೆಯ ಮೇಲೆ ಎರಡು ಸಾಲು ನಿಲ್ಲಿಸಿ, ದೂರದಿಂದ ಗೋಲಿ ಹೊಡೆದು ಬೀಳಿಸುತ್ತಿದ್ದೆವು. ಮೊನ್ನೆ ತಿಳಿಯಿತು, ಇಂಗ್ಲೆಂಡಿನ ಬರಹಗಾರ ಎಚ್.ಜಿ. ವೆಲ್ಸ್ ಕೂಡ ಇದನ್ನೇ ಆಡುತ್ತಿದ್ದರಂತೆ. ಸ್ಪ್ರಿಂಗ್ ಇರುವ ಆಟಿಕೆ ತೋಪಿನಿಂದ ಸಿಪಾಯಿಗಳನ್ನು ಹೊಡೆದು ಬೀಳಿಸುವ ಆಟಕ್ಕೆ ನಿಯಮ ಬರೆದು 1913ರಲ್ಲಿ ಪುಸ್ತಕವನ್ನೇ ಮಾಡಿದರು. ಆಗ ಅವರಿಗೆ ನಲವತ್ತು ದಾಟಿತ್ತು. ನಮಗೂ ಈಗ ಅಷ್ಟೇ.

ನಮ್ಮಲ್ಲೊಬ್ಬ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುವಾಗ ಒಂದು ಡಬ್ಬಿ ಸಿಪಾಯಿಗಳನ್ನು ತಂದ. ಎಲ್ಲಾ ಶುರುವಾಗಿದ್ದು ಅಲ್ಲಿಂದ. 1:72 ಅಳತೆಯವು, ಒಬ್ಬೊಬ್ಬ ಹೆಚ್ಚುಕಡಿಮೆ ಒಂದಿಂಚು ಎತ್ತರ. ಮೊದಲ ಇಪ್ಪತ್ತು ಜನಕ್ಕೆ ಬಣ್ಣ ಹಚ್ಚಿದ್ದು ಪೂರಾ ಹಾಳಾಯಿತು. ಆ ಮೆತ್ತನೆ ಪ್ಲಾಸ್ಟಿಕ್ಕಿಗೆ ಅಚ್ಚಿನ ಎಣ್ಣೆ ಅಂಟಿರುತ್ತದೆ, ಸೋಪಿನ ನೀರಲ್ಲಿ ತೊಳೆಯದೆ ಹಚ್ಚಿದರೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಈಗ ಮೊದಲು ತೊಳೆದು ಒಣಗಿಸುತ್ತೇವೆ. ಆಮೇಲೆ ಒಂದು ಕೋಟು ಬೂದು ಬಣ್ಣ, ಅದರ ಮೇಲೆ ಬಟ್ಟೆಯ ಬಣ್ಣ. ಕೊನೆಗೆ ಕಂದು ಬಣ್ಣವನ್ನು ನೀರು ನೀರು ಮಾಡಿ ಮೇಲಿಂದ ಇಳಿಬಿಡುತ್ತೇವೆ. ಅದು ತಾನಾಗೇ ಹರಿದು ರುಮಾಲಿನ ಸುತ್ತುಗಳ ನಡುವೆ, ಪಂಚೆಯ ನೆರಿಗೆಯೊಳಗೆ ಹೋಗಿ ಕೂರುತ್ತದೆ. ನೋಡನೋಡುತ್ತಾ ಸಪ್ಪೆ ಪ್ಲಾಸ್ಟಿಕ್ಕಿಗೆ ನೆರಳು ಬಂದು ಮುಖ ಮೂಡುತ್ತದೆ. ಆ ಒಂದು ಗಳಿಗೆಗೋಸ್ಕರ ನಾನು ವಾರವಿಡೀ ಕಾಯುತ್ತೇನೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇಲ್ಲಿ ಚೌಕಾಬಾರದ ಹಾಗೆ ಮನೆಗಳಿಲ್ಲ. ಕಾಲಾಳು ಇಷ್ಟು ಇಂಚು, ಕುದುರೆ ಇಷ್ಟು ಇಂಚು ಅಂತ ಅಳೆದು ನಡೆಸಬೇಕು. ಹೊಡೆತ ಬಿತ್ತೋ ಇಲ್ಲವೋ ದಾಳ ಹೇಳುತ್ತದೆ. ಎರಡು ದಾಳದಲ್ಲಿ 9 ಅಥವಾ ಹೆಚ್ಚು ಬೇಕು ಅಂದರೆ 36 ಸಾಧ್ಯತೆಗಳಲ್ಲಿ ಹತ್ತು ಮಾತ್ರ ನಿಮ್ಮ ಕಡೆ. ನನಗೆ ತುಂಬಾ ಹಿಡಿಸಿದ್ದು ಧೈರ್ಯದ ನಿಯಮ. ತುಕಡಿಯ ಅರ್ಧ ಜನ ಬಿದ್ದರೆ ಉಳಿದವರ ಧೈರ್ಯಕ್ಕೆ ದಾಳ ಹಾಕಬೇಕು. ತಪ್ಪಿದರೆ ಬದುಕಿರುವವರೂ ಓಡುತ್ತಾರೆ. ಚೆಸ್‌ನಲ್ಲಿ ಯಾವ ಕಾಯಿಯೂ ಹೆದರುವುದಿಲ್ಲ, ಅಲ್ವಾ?

ಮೊದಲು ಯುರೋಪಿನ ಯುದ್ಧಗಳನ್ನೇ ಆಡುತ್ತಿದ್ದೆವು. ಡಬ್ಬಿಯಲ್ಲಿ ಸಿಗುವುದು ಅವೇ. ಅರವತ್ತು ಕಿಲೋಮೀಟರ್ ಆಚೆ ಏಳು ಸುತ್ತಿನ ಕೋಟೆ ಇಟ್ಟುಕೊಂಡು ನಾವು ಯಾಕೆ ವಾಟರ್ಲೂ ಆಡಬೇಕು ಅಂತ ಒಂದು ದಿನ ಅನ್ನಿಸಿತು. ಥರ್ಮೋಕೋಲ್ ಕೊರೆದು ಬಂಡೆ ಮಾಡಿದೆವು. ಟೀ ಸೋಸಿದ ಚರಟ ಒಣಗಿಸಿ ಅಂಟಿಸಿದರೆ ನೆಲ, ತೆಂಗಿನ ನಾರು ಕತ್ತರಿಸಿದರೆ ಒಣಹುಲ್ಲು. ಎಲ್ಲಾ ಅಡುಗೆಮನೆಯ ಸಾಮಾನೇ. ಹೊರದೇಶದ ದುಬಾರಿ ಡಬ್ಬಿಗಳೇ ಬೇಕು ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ದುರ್ಗದ ಕೋಟೆಗೆ ಶಾಲೆಯಿಂದ ಹಿಡಿದು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಬಾಗಿಲ ದಾರಿ ಹಾವಿನ ಹಾಗೆ ಯಾಕೆ ತಿರುಗುತ್ತದೆ ಅಂತ ಯೋಚಿಸಿಯೇ ಇರಲಿಲ್ಲ. ಮೇಜಿನ ಮೇಲೆ ಕುದುರೆ ನಡೆಸುವಾಗ ಗೊತ್ತಾಯಿತು. ನೇರ ದಾರಿ ಇದ್ದರೆ ಹನ್ನೆರಡು ಇಂಚು ಓಡುವ ಕುದುರೆ ತಿರುವಿನಲ್ಲಿ ನಾಲ್ಕಕ್ಕೆ ನಿಲ್ಲುತ್ತದೆ. ಆನೆಗೆ ಓಡಿ ಬಂದು ಗುದ್ದಲು ಜಾಗವೇ ಇಲ್ಲ. ನಿಂತವರ ಮೇಲೆ ಗೋಡೆಯಿಂದ ಏಟು. ಹೈದರಾಲಿ ಒಂದೇ ಸಲಕ್ಕೆ ಗೆದ್ದವನಲ್ಲ. ಮತ್ತೆ ಮತ್ತೆ ಮುತ್ತಿಗೆ ಹಾಕಿ 1779ರಲ್ಲಿ ಮದಕರಿ ನಾಯಕನಿಂದ ಕೋಟೆ ಕಿತ್ತುಕೊಂಡ.

ಓಬವ್ವನ ಕಿಂಡಿಯನ್ನು ನಿಯಮದಲ್ಲಿ ಬರೆಯುವುದು ಹೇಗೆ ಅಂತ ಎರಡು ವಾರ ಜಗಳ ಆಡಿದೆವು. ಕೊನೆಗೆ ಹೀಗೆ ಒಪ್ಪಿದೆವು: ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ ನುಸುಳಬೇಕು, ಹೊರಬಂದ ತಕ್ಷಣ ಅವಳ ಒನಕೆಯನ್ನು ಎದುರಿಸಬೇಕು. ಹಿಂದೆ ನೂರು ಜನ ಇದ್ದರೂ ಅಲ್ಲಿ ಒಬ್ಬನದೇ ದಾಳ. ಆದರೆ ಅವಳ ಕಡೆ ಒಂದೇ ಒಂದು ಸಲ 1 ಬಿದ್ದರೆ ಕಿಂಡಿ ಹೋಯಿತು. ಆ ರಾತ್ರಿ ಓಬವ್ವನ ಕಡೆ ದಾಳ ಹಾಕಿದ್ದು ನಾನು. ಆರನೆಯವನು, ಏಳನೆಯವನು... ನನ್ನ ಅಂಗೈ ಬೆವರಿತ್ತು. ಚಿಕ್ಕಂದಿನಿಂದ ಕೇಳಿದ ಕಥೆ ಅದು. ಅವಳು ಪ್ರತಿ ಏಟಿಗೂ ಎಲ್ಲವನ್ನೂ ಪಣಕ್ಕಿಟ್ಟಿದ್ದಳು ಅನ್ನುವುದು ಅವತ್ತೇ ನನಗೆ ತಟ್ಟಿದ್ದು.

ಇದನ್ನು ಮಕ್ಕಳಾಟ ಅನ್ನುವವರು ಮನೆಯಲ್ಲೂ ಇದ್ದಾರೆ, ಆಫೀಸಿನಲ್ಲೂ ಇದ್ದಾರೆ. ಮಕ್ಕಳಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮದುವೆ, ಸಾವು ಬಿಟ್ಟರೆ ಒಟ್ಟಿಗೆ ಸೇರದೆ ಇದ್ದ ನಾವು ನಾಲ್ವರು ಈಗ ಪ್ರತಿ ಭಾನುವಾರ ಎದುರುಬದುರು ಕೂರುತ್ತೇವೆ. ಒಬ್ಬನ ತಂದೆ ಆಸ್ಪತ್ರೆಯಲ್ಲಿದ್ದ ತಿಂಗಳು ಅವನು ಆಡಲಿಲ್ಲ, ಸುಮ್ನೆ ಬಂದು ಸಿಪಾಯಿಗಳ ಬೂಟಿಗೆ ಕಪ್ಪು ಹಚ್ಚುತ್ತಾ ಕೂತಿದ್ದ. ನಾವೂ ಏನೂ ಕೇಳಲಿಲ್ಲ. ಮೂರನೇ ವಾರ ಬ್ರಷ್ ಕೆಳಗಿಡದೆ ಅವನೇ ಮಾತಾಡಿದ.

ಬರುವ ತಿಂಗಳು ನಾಲ್ವರೂ ದುರ್ಗಕ್ಕೆ ಹೋಗುತ್ತಿದ್ದೇವೆ. ಬಾಗಿಲ ತಿರುವುಗಳನ್ನು ಹೆಜ್ಜೆ ಹಾಕಿ ಅಳೆಯಬೇಕು. ನಮ್ಮ ಥರ್ಮೋಕೋಲ್ ಕೋಟೆಯಲ್ಲಿ ಎರಡನೇ ತಿರುವು ಜಾಸ್ತಿ ಅಗಲ ಆಗಿದೆ ಅಂತ ನನಗೆ ಅನುಮಾನ.