ಕಾದೇಶ್ ಕದನವನ್ನು ಗೆಲುವೆನ್ನಬಹುದೇ?

ಪ್ರಾಚೀನ ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸ್, ಇಂದಿನ ಸಿರಿಯಾದಲ್ಲಿದ್ದ ಕಾದೇಶ್ ಎಂಬ ಕೋಟೆಪಟ್ಟಣದ ಬಳಿ ಹಿಟ್ಟೈಟರನ್ನು (ಇಂದಿನ ಟರ್ಕಿಯಲ್ಲಿ ನೆಲೆಯಿದ್ದ ಸಾಮ್ರಾಜ್ಯದವರನ್ನು) ಸೋಲಿಸಿದನೆಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ಈ ಮಾತನ್ನು ಒಪ್ಪುವುದು ಕಷ್ಟ. ಕ್ರಿ.ಪೂ. 1274ರ ಸುಮಾರಿಗೆ ನಡೆದ ಈ ಕದನದ ವಿಜಯಗಾಥೆ ಈಜಿಪ್ಟಿನ ಲಕ್ಸರ್, ಅಬು ಸಿಂಬೆಲ್ ಮುಂತಾದ ದೇಗುಲಗಳ ಗೋಡೆಗಳ ಮೇಲಿದೆ ನಿಜ, ಆದರೆ ಅದನ್ನು ಕೆತ್ತಿಸಿದವನು ಸ್ವತಃ ರಾಮ್ಸೆಸನೇ. ಸ್ವಾರಸ್ಯವೆಂದರೆ, ಅವನ ಎಡವಟ್ಟನ್ನು ಬಯಲು ಮಾಡುವುದೂ ಅವೇ ಗೋಡೆಗಳು. ಹಿಟ್ಟೈಟ್ ದೊರೆ ಮುವತಲ್ಲಿ ದೂರದ ಅಲೆಪ್ಪೊ ಸೀಮೆಯಲ್ಲಿದ್ದಾನೆ ಎಂದ ಇಬ್ಬರು ಅಲೆಮಾರಿಗಳ ಮಾತನ್ನು ನಂಬಿ, ಉಳಿದ ಸೇನೆಯನ್ನು ಬಹಳ ಹಿಂದೆ ಬಿಟ್ಟು, ಒಂದೇ ದಳದೊಂದಿಗೆ ರಾಮ್ಸೆಸ್ ಕಾದೇಶ್ ಬಳಿ ಬೀಡುಬಿಟ್ಟನು. ಸೆರೆಸಿಕ್ಕ ಗೂಢಚಾರರನ್ನು ಹೊಡೆದು ಬಾಯಿಬಿಡಿಸಿದಾಗಲಷ್ಟೇ ಶತ್ರುಸೇನೆ ಕಾದೇಶ್‌ನ ಮರೆಯಲ್ಲೇ ಹೊಂಚುಹಾಕಿರುವುದು ತಿಳಿಯಿತು. ಅವನ ಶೌರ್ಯವನ್ನು ಅಲ್ಲಗಳೆಯಬೇಕಿಲ್ಲ (ಹೊಗಳುವ ಕೆಲಸವನ್ನು ಅವನೇ ಧಾರಾಳವಾಗಿ ಮಾಡಿಕೊಂಡಿದ್ದಾನೆ), ಆದರೆ ಕೋಟೆ ಕೈಗೆ ಬರಲಿಲ್ಲ, ಸೇನೆ ಹಿಂದಿರುಗಿತು.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು ಕ್ರಿ.ಪೂ. 1259ರ ಸುಮಾರಿಗೆ ಆಗಿನ ಹಿಟ್ಟೈಟ್ ದೊರೆ ಮೂರನೆಯ ಹತ್ತುಸಿಲಿಯೊಂದಿಗೆ ಆದ ಶಾಂತಿ ಒಪ್ಪಂದ. ಪರರ ದಾಳಿಯಾದರೆ ಪರಸ್ಪರ ನೆರವಾಗುವುದು, ಓಡಿಬಂದವರನ್ನು ಹಿಂದಿರುಗಿಸುವುದು ಮೊದಲಾದ ಷರತ್ತುಗಳಿದ್ದ ಅದರ ಒಕ್ಕಣೆ ಈಜಿಪ್ಟಿನ ಕಾರ್ನಾಕ್ ದೇಗುಲದ ಗೋಡೆಯಲ್ಲೂ ಹಿಟ್ಟೈಟರ ರಾಜಧಾನಿ ಹತ್ತುಸಾದಲ್ಲಿ ದೊರೆತ ಮಣ್ಣಿನ ಫಲಕಗಳಲ್ಲೂ ಉಳಿದಿದೆ. ಮುಂದೆ ರಾಮ್ಸೆಸ್ ಹತ್ತುಸಿಲಿಯ ಮಗಳನ್ನೇ ಮದುವೆಯಾದನು. ಲೇಖನದಲ್ಲಿ ಇವುಗಳ ಪ್ರಸ್ತಾಪವೇ ಇಲ್ಲದಿರುವುದು ದೊಡ್ಡ ಕೊರತೆ.