ಬಂಗಾರದ ಹೊಟ್ಟೆಯ ಮಹಾತ್ಮೆ

ಹಿಂದೆ ನಮ್ಮ ಕಡೆ ಹೆಣ್ಣು ನೋಡಲು ಹೋದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿದ ಮೇಲೆ ಹುಡುಗಿಯಿಂದ ಒಂದು ದೇವರನಾಮ ಹಾಡಿಸುತ್ತಿದ್ದರು. ಹಾಡು ಮುಗಿಯುತ್ತಿದ್ದಂತೆ ಗುಂಪಿನಲ್ಲಿದ್ದ ಸೋದರತ್ತೆಯೊಬ್ಬರು, "ಎಷ್ಟನೇ ಕ್ಲಾಸಿನವರೆಗೆ ಓದಿದ್ದೀಯಮ್ಮಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ವಿದ್ಯಾಭ್ಯಾಸದ ವಿಚಾರಣೆಯಾಗಿರಲಿಲ್ಲ. ಹುಡುಗಿಗೆ ಕಿವಿ ಕೇಳಿಸುತ್ತದೆಯೇ, ಕೇಳಿದ್ದಕ್ಕೆ ಉತ್ತರವಾಗಿ ಮಾತು ಹೊರಡುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವ ಉಪಾಯವಾಗಿತ್ತು. ಅಮೆರಿಕದ ಎನ್‌ಬಿಸಿ ಟೆಲಿವಿಷನ್ ಜಾಲದ ಆಡಳಿತ ಮಂಡಳಿಯಲ್ಲಿ ಇಂಥ ಒಬ್ಬ ಸೋದರತ್ತೆ ಇದ್ದಿದ್ದರೆ 1980ನೆಯ ಇಸವಿಯ ಮಾರ್ಚ್ ತಿಂಗಳು ಅದರ ಪಾಲಿಗೆ ಬೇರೆಯೇ ಆಗಿರುತ್ತಿತ್ತು.

ಆ ತಿಂಗಳ 1ರ ಶನಿವಾರ ರಾತ್ರಿ ಎನ್‌ಬಿಸಿ, ಜಪಾನಿನ 'ಪಿಂಕ್ ಲೇಡಿ' ಎಂಬ ಜೋಡಿಯನ್ನು ತನ್ನ ಹೊಸ ವೈವಿಧ್ಯ ಕಾರ್ಯಕ್ರಮದ ನಿರೂಪಕಿಯರನ್ನಾಗಿ ದೇಶದ ಮುಂದೆ ನಿಲ್ಲಿಸಿತು. ಮಿತ್ಸುಯೊ ನೆಮೊತೊ ಮತ್ತು ಕೆಯಿಕೊ ಮಸುದಾ ಎಂಬ ಈ ಇಬ್ಬರನ್ನು ಅವರ ನಾಡಿನ ಮಕ್ಕಳುಮರಿಗಳೆಲ್ಲ 'ಮೀ' ಮತ್ತು 'ಕೇ' ಎಂದೇ ಬಲ್ಲರು. 1976ರಲ್ಲಿ ಮೊದಲ ಹಾಡು ಹೊರತಂದ ಈ ಜೋಡಿಯ ಒಂಬತ್ತು ಹಾಡುಗಳು ಒಂದರ ಹಿಂದೊಂದರಂತೆ ಜಪಾನಿನ ಜನಪ್ರಿಯ ಹಾಡುಗಳ ಪಟ್ಟಿಯ ತುತ್ತತುದಿಗೆ ಏರಿದವು. 1978ರಲ್ಲಿ ಆ ದೇಶದ ರೆಕಾರ್ಡ್ ಸಂಗೀತದ ಅತಿ ದೊಡ್ಡ ಪ್ರಶಸ್ತಿಯೂ ಅವರಿಗೆ ಬಂದಿತು. ಹಾಡು ಬರುತ್ತಿತ್ತು, ಕುಣಿತ ಬರುತ್ತಿತ್ತು, ಹಾಡುತ್ತಲೇ ಕುಣಿಯುವುದು ಇನ್ನೂ ಚೆನ್ನಾಗಿ ಬರುತ್ತಿತ್ತು. ಬಾರದೆ ಇದ್ದದ್ದು ಇಂಗ್ಲಿಷ್ ಒಂದೇ. ಶಿಜುಒಕಾ ಪ್ರಾಂತದಲ್ಲಿ ಹುಟ್ಟಿ ಬೆಳೆದ ಹೆಣ್ಣುಮಕ್ಕಳಿಗೆ ಅದು ಬರಲೇಬೇಕೆಂಬ ನಿಯಮವೇನೂ ಇರಲಿಲ್ಲ. ಆದರೆ ಅವರಿಗೆ ವಹಿಸಿದ ಕೆಲಸ ಇಂಗ್ಲಿಷಿನಲ್ಲಿ ಮಾತನಾಡುತ್ತ, ಅತಿಥಿಗಳೊಡನೆ ಚಟಾಕಿ ಹಾರಿಸುತ್ತ, ಒಂದು ಗಂಟೆಯ ಹೊತ್ತು ಅಮೆರಿಕದ ಜನರನ್ನು ನಗಿಸುವುದಾಗಿತ್ತು.

ಈ ನೇಮಕದ ಹಿಂದಿದ್ದವರು ಜಾಲದ ಅಧ್ಯಕ್ಷರಾದ ಫ್ರೆಡ್ ಸಿಲ್ವರ್‌ಮನ್. ಅವರನ್ನು ಸಾಮಾನ್ಯರೆಂದು ಯಾರೂ ತಿಳಿಯಬಾರದು. 1977ರ ಸೆಪ್ಟೆಂಬರಿನಲ್ಲಿ ಟೈಮ್ ಪತ್ರಿಕೆ ಅವರನ್ನು ಮುಖಪುಟಕ್ಕೆ ಏರಿಸಿ, 'ಬಂಗಾರದ ಹೊಟ್ಟೆಯ ಮನುಷ್ಯ' ಎಂಬ ಬಿರುದು ಕೊಟ್ಟಿತ್ತು. ಓದುಗರು ಗಾಬರಿಯಾಗುವುದು ಬೇಡ. ಅಮೆರಿಕದವರಿಗೆ ಅಂತಃಪ್ರೇರಣೆ ಹುಟ್ಟುವ ಜಾಗ ಹೊಟ್ಟೆ. ನಮ್ಮಲ್ಲಿ ಹೊಟ್ಟೆಯಲ್ಲಿ ಹುಟ್ಟುವುದು ಹಸಿವು ಮತ್ತು ಕಿಚ್ಚು ಮಾತ್ರವಾದ್ದರಿಂದ, ಯಾವ ಕಾರ್ಯಕ್ರಮ ಓಡುತ್ತದೆ, ಯಾವುದು ಮುಗ್ಗರಿಸುತ್ತದೆ ಎಂಬುದನ್ನು ಹೊಟ್ಟೆಯಿಂದಲೇ ನಿರ್ಧರಿಸಬಲ್ಲ ವ್ಯಕ್ತಿಯನ್ನು ನಾವು ಜ್ಯೋತಿಷಿಯೆಂದು ಕರೆದು ದಕ್ಷಿಣೆ ಕೊಡುತ್ತಿದ್ದೆವು. ಅವರು ಅಧ್ಯಕ್ಷರೆಂದು ಕರೆದು ಸಂಬಳ ಕೊಟ್ಟರು. ಸಿಬಿಎಸ್, ಎಬಿಸಿ, ಎನ್‌ಬಿಸಿ ಎಂಬ ಮೂರೂ ಜಾಲಗಳ ಕಾರ್ಯಕ್ರಮಗಳ ಹೊಣೆ ಹೊತ್ತ ಹೆಗ್ಗಳಿಕೆ ಈ ಒಂದೇ ಹೊಟ್ಟೆಯದು.

ಆ ಹೊಟ್ಟೆಗೆ ಜೋಡಿಗಳೆಂದರೆ ಬಲು ಪ್ರೀತಿ. ಸಿಬಿಎಸ್‌ನಲ್ಲಿದ್ದಾಗ, 1971ರಲ್ಲಿ, ಸನ್ನಿ ಮತ್ತು ಶೇರ್ ಎಂಬ ಗಾಯಕ ದಂಪತಿಗಳಿಗೆ ಕಾರ್ಯಕ್ರಮ ಕೊಟ್ಟು ಗೆದ್ದಿದ್ದರು. ಎಬಿಸಿಗೆ ಬಂದ ಮೇಲೆ, 1976ರಲ್ಲಿ, ಡಾನಿ ಮತ್ತು ಮೇರಿ ಎಂಬ ಅಣ್ಣತಂಗಿಯರಿಗೂ, ಕ್ಯಾಪ್ಟನ್ ಮತ್ತು ಟೆನಿಲ್ ಎಂಬ ಇನ್ನೊಂದು ದಂಪತಿಗಳಿಗೂ ವೇದಿಕೆ ಸಿದ್ಧವಾಯಿತು. ಗಂಡಹೆಂಡಿರು ಆದರು, ಒಡಹುಟ್ಟಿದವರು ಆದರು, ಮತ್ತೊಮ್ಮೆ ಗಂಡಹೆಂಡಿರು ಆದರು. ಇನ್ನು ಇಬ್ಬರು ಗೆಳತಿಯರೇಕೆ ಆಗಬಾರದು ಎಂಬ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಆದರೆ ಈ ಬಗೆಯ ಕಾರ್ಯಕ್ರಮಗಳಲ್ಲಿ ಜನ ಕಾಯುತ್ತಿದ್ದದ್ದು ಹಾಡಿಗಲ್ಲ, ಎರಡು ಹಾಡುಗಳ ನಡುವಿನ ಮಾತಿಗೆ. ಶೇರ್ ತನ್ನ ಕುಳ್ಳ ಗಂಡನನ್ನು ತುಂಬಿದ ಸಭೆಯಲ್ಲಿ ಹಂಗಿಸುವುದನ್ನು ನೋಡಲೆಂದೇ ಲಕ್ಷಾಂತರ ಗಂಡಂದಿರು ತಮ್ಮ ಹೆಂಡತಿಯರ ಪಕ್ಕದಲ್ಲಿ ಕೂತು ಸಮಾಧಾನ ಪಟ್ಟುಕೊಳ್ಳುತ್ತಿದ್ದರು. ಮಾತೇ ಬಂಡವಾಳವಾದ ಅಂಗಡಿಗೆ ಮಾತೇ ಬಾರದವರನ್ನು ಮಾಲೀಕರನ್ನಾಗಿ ಕೂರಿಸುವುದಕ್ಕೆ ಸಾಧಾರಣ ಧೈರ್ಯ ಸಾಲದು. ಇಬ್ಬರಿಗೂ ಇಂಗ್ಲಿಷ್ ಬರುವುದಿಲ್ಲವೆಂಬ ವಿಷಯ ಜಾಲದವರಿಗೆ ತಿಳಿದದ್ದು ಎಲ್ಲವೂ ಕುದುರಿದ ಮೇಲೆ ಎಂಬುದು ಇಂದಿಗೂ ಚಾಲ್ತಿಯಲ್ಲಿರುವ ಕಥೆ. ಮುಂಚೆಯೇ ಗೊತ್ತಿದ್ದೂ ಒಪ್ಪಿಕೊಂಡರೆಂದರೆ ಅವರ ಘನತೆ ಇನ್ನಷ್ಟು ಹೆಚ್ಚಾಗುತ್ತದೆಯಾದ್ದರಿಂದ, ಈ ಕಥೆಯನ್ನೇ ನಂಬುವುದು ಅವರಿಗೂ ಕ್ಷೇಮ.

ಅಮೆರಿಕ ಜಪಾನಿನ ಹಾಡನ್ನು ಕೇಳುವ ಪದ್ಧತಿಯ ಬಗ್ಗೆಯೂ ಎರಡು ಮಾತು ಹೇಳಬೇಕು. 1963ರಲ್ಲಿ ಕ್ಯೂ ಸಕಾಮೊತೊ ಎಂಬ ಯುವಕನ ಜಪಾನಿ ಹಾಡೊಂದು ಅಲ್ಲಿನ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಹೋಯಿತು. ಕಣ್ಣೀರು ಕೆಳಗೆ ಬೀಳದಿರಲೆಂದು ತಲೆಯೆತ್ತಿ ನಡೆಯುವ ಒಬ್ಬಂಟಿಯ ಹಾಡು ಅದು. ಮೂಲ ಹೆಸರು ಹೇಳಲು ನಾಲಿಗೆ ಹೊರಳದೆಂದು ಮಾರುವವರು ಅದಕ್ಕೆ 'ಸುಕಿಯಾಕಿ' ಎಂದು ಹೆಸರಿಟ್ಟರು. ಸುಕಿಯಾಕಿ ಎಂಬುದು ಮಾಂಸ, ತರಕಾರಿ ಹಾಕಿ ಬೇಯಿಸುವ ಒಂದು ಅಡುಗೆ. ಹಾಡಿನಲ್ಲಿ ಅದರ ವಾಸನೆಯೂ ಇಲ್ಲ. ನಮ್ಮದೊಂದು ವಿರಹಗೀತೆ ಪರದೇಶದಲ್ಲಿ 'ಬಿಸಿಬೇಳೆಬಾತ್' ಎಂಬ ಹೆಸರಿನಲ್ಲಿ ಮನೆಮಾತಾದಂತೆ. ಆ ಪಾಠ ಕಲಿತೋ ಏನೋ, ಪಿಂಕ್ ಲೇಡಿಯವರಿಂದ 1979ರಲ್ಲಿ ನೇರವಾಗಿ ಇಂಗ್ಲಿಷಿನಲ್ಲಿಯೇ ಒಂದು ಹಾಡು ಹಾಡಿಸಿದರು. ಅದು ಅಮೆರಿಕದ ಪಟ್ಟಿಯಲ್ಲಿ 37ನೆಯ ಸ್ಥಾನ ಮುಟ್ಟಿತು. ಹಾಡನ್ನು ಇಂಗ್ಲಿಷಿನಲ್ಲಿ ಹಾಡಿದವರು ಮಾತನ್ನೂ ಇಂಗ್ಲಿಷಿನಲ್ಲಿ ಆಡದಿರುತ್ತಾರೆಯೇ? ಸೋದರತ್ತೆ ಇಲ್ಲದ ಮನೆಗಳಲ್ಲಿ ಸಂಬಂಧಗಳು ಕುದುರುವುದೇ ಹೀಗೆ.

ಇನ್ನು ಸಂಭಾಷಣೆಯನ್ನು ಬಾಯಿಪಾಠ ಮಾಡಿಸುವುದೊಂದೇ ದಾರಿ ಉಳಿಯಿತು. ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅರ್ಥದ ಗೊಡವೆಯಿಲ್ಲದೆ, ಸದ್ದಿನ ಮೇಲೆ ಸದ್ದು ಜೋಡಿಸಿ ಇಬ್ಬರೂ ಇಡೀ ಕಂತಿನ ಮಾತುಗಳನ್ನು ಕಲಿತರು. ಮದುವೆ ಮಂಟಪದಲ್ಲಿ ಪುರೋಹಿತರು "ಮಮ ಅನ್ನಿ" ಎಂದರೆ "ಮಮ ಅನ್ನಿ" ಎಂದೇ ಒಪ್ಪಿಸುವ ಮದುಮಕ್ಕಳನ್ನು ಕಂಡಿರುವ ನಮಗೆ ಅವರ ಪಾಡು ಅರ್ಥವಾಗದೆ ಇರದು. ಆದರೆ ಮದುಮಗನ ಮಂತ್ರ ಒಂದು ಮುಹೂರ್ತಕ್ಕೆ ಮುಗಿಯುತ್ತದೆ. ಇವರದು ವಾರವಾರವೂ ಹೊಸ ಮಂತ್ರ. ಹಾಸ್ಯದ ಬರವಣಿಗೆಯೆಂದರೆ ಕೊನೆಯ ಗಳಿಗೆಯವರೆಗೆ ತಿದ್ದುವ ಕಸುಬು. ತಾಲೀಮಿನಲ್ಲಿ ಯಾರೂ ನಗದಿದ್ದರೆ ಸಾಲು ಬದಲಾಗುತ್ತದೆ, ಅತಿಥಿ ತಡವರಿಸಿದರೆ ಇನ್ನೊಂದು ಸೇರುತ್ತದೆ. ಇಲ್ಲಿ ಮಾತ್ರ ಒಂದು ಪದ ಬದಲಾಯಿಸಿದರೂ ಮೀ ಮತ್ತು ಕೇ ಮೊದಲಿನಿಂದ ಕಲಿಯಬೇಕಾಗುತ್ತಿದ್ದುದರಿಂದ, ಸಪ್ಪೆಯಾದ ಚಟಾಕಿ ಸಪ್ಪೆಯೆಂದು ಗೊತ್ತಾದ ಮೇಲೂ ವೇದವಾಕ್ಯದಂತೆ ಒಂದಕ್ಷರವೂ ಕದಲದೆ ಉಳಿಯುತ್ತಿತ್ತು. ಜಗತ್ತಿನಲ್ಲಿ ಬರಹಗಾರನ ಮಾತನ್ನು ಇಷ್ಟು ಶ್ರದ್ಧೆಯಿಂದ ಉಳಿಸಿಕೊಂಡ ಕಲಾವಿದರು ಬೇರೆ ಸಿಗಲಾರರು; ಉಳಿಸಿಕೊಳ್ಳುವಂಥದ್ದು ಅದರಲ್ಲಿ ಏನಿತ್ತು ಎಂಬುದು ಬೇರೆ ವಿಚಾರ.

ಈ ವಿಷಯದಲ್ಲಿ ಕನ್ನಡ ಚಿತ್ರರಂಗದಿಂದ ಎನ್‌ಬಿಸಿ ಕಲಿಯಬಹುದಾದದ್ದು ಬೇಕಾದಷ್ಟಿತ್ತು. ಮುಂಬಯಿಯಿಂದ ವಿಮಾನದಲ್ಲಿ ಬಂದಿಳಿದ ನಾಯಕಿ ಕನ್ನಡದ ಸಾಲನ್ನು ಹಿಂದಿ ಲಿಪಿಯಲ್ಲಿ ಬರೆದುಕೊಂಡು ತುಟಿಯಾಡಿಸಿ ಹೋಗುತ್ತಾಳೆ. ತಿಂಗಳುಗಳ ನಂತರ ಸ್ಟುಡಿಯೋದ ಕತ್ತಲೆಯಲ್ಲಿ ಕೂತ ಕಂಠದಾನ ಕಲಾವಿದೆ ಆ ತುಟಿಗಳಿಗೆ ಅಚ್ಚಕನ್ನಡದ ಜೀವ ತುಂಬುತ್ತಾಳೆ. ಬಿಡುಗಡೆಯ ದಿನ ನಾಯಕಿ "ನಂಗೆ ಕನ್ನಡ ಸ್ವಲ್ಪ ಸ್ವಲ್ಪ ಗೊತ್ತು" ಎಂದರೆ ಚಿತ್ರಮಂದಿರವೇ ಶಿಳ್ಳೆ ಹೊಡೆಯುತ್ತದೆ. ಅಮೆರಿಕದವರಿಗೆ ಈ ಸಂಸ್ಕೃತಿ ಇರಲಿಲ್ಲ.

ಹಾಗಾಗಿ ಅವರು ಜೆಫ್ ಆಲ್ಟ್‌ಮನ್ ಎಂಬ ಹಾಸ್ಯನಟನನ್ನು ಕರೆತಂದು ಇಬ್ಬರ ಜೊತೆ ನಿಲ್ಲಿಸಿದರು. ವೇದಿಕೆಯ ಮೇಲೆ ಇದ್ದ ಮೂವರಲ್ಲಿ ಮಾತು ಅರ್ಥವಾಗುತ್ತಿದ್ದವನು ಆತನೊಬ್ಬನೇ. ಆತ ಒಂದು ಮಾತು ಹೇಳಿ, ಎದುರಿನಿಂದ ಕಂಠಪಾಠದ ಉತ್ತರ ಬರುವವರೆಗೆ ಕಾದು, ಬಂದ ಉತ್ತರಕ್ಕೆ ತಾನೇ ಬೆರಗಾಗಬೇಕಾಗಿತ್ತು. ಅವರಿಗೆ ಭಾಷೆ ಬಾರದೆಂಬುದನ್ನೇ ಹಾಸ್ಯದ ಸರಕು ಮಾಡಿಕೊಳ್ಳುವುದು ಬರಹಗಾರರಿಗೆ ಉಳಿದ ದಾರಿಯಾಯಿತು. ಅಂದರೆ, ತಮ್ಮನ್ನು ಕುರಿತ ಗೇಲಿಯನ್ನು ತಾವೇ ಅರ್ಥ ತಿಳಿಯದೆ ಉರುಹೊಡೆದು ತಂದು ಒಪ್ಪಿಸುವ ಸೌಭಾಗ್ಯ ಆ ಹೆಣ್ಣುಮಕ್ಕಳದಾಯಿತು. ಬರಿಯ 'ಪಿಂಕ್ ಲೇಡಿ' ಆಗಿದ್ದ ಹೆಸರು 'ಪಿಂಕ್ ಲೇಡಿ ಮತ್ತು ಜೆಫ್' ಎಂದಾಗಬೇಕೆಂದು ಆತನ ಕಡೆಯವರು ಪಟ್ಟು ಹಿಡಿದರಂತೆ. ಮುಳುಗುವ ಹಡಗಿನ ಮೇಲೆ ಹೆಸರು ಕೆತ್ತಿಸಿಕೊಳ್ಳಲು ಹಟ ಹಿಡಿದ ಪ್ರಯಾಣಿಕ ಎಲ್ಲ ಊರಿನಲ್ಲೂ ಸಿಗುತ್ತಾನೆ.

ಭಾಷೆಯ ಹಂಗಿಲ್ಲದ ಒಂದು ದೃಶ್ಯವೂ ಇತ್ತು. ಕಂತಿನ ಕೊನೆಗೆ ಮೀ ಮತ್ತು ಕೇ ಈಜುಡುಗೆ ತೊಟ್ಟು, ಸೂಟು ಬೂಟಿನಲ್ಲಿದ್ದ ಜೆಫ್‌ನನ್ನು ಬಿಸಿನೀರಿನ ತೊಟ್ಟಿಗೆ ಎಳೆದುಕೊಳ್ಳುತ್ತಿದ್ದರು. ಜಪಾನಿನಲ್ಲಿ ಬಿಸಿನೀರಿನ ಸ್ನಾನಕ್ಕೆ ದೊಡ್ಡ ಪರಂಪರೆಯಿದೆ, ನಿಜ. ಆದರೆ ಸೂಟು ಹಾಕಿಕೊಂಡು ಸ್ನಾನ ಮಾಡುವ ಭಾಗ ಅಪ್ಪಟ ಅಮೆರಿಕದ ಕೊಡುಗೆ.

ಇದೆಲ್ಲ ನಡೆದ ಕಾಲವನ್ನು ನೆನೆದರೆ ಇನ್ನಷ್ಟು ಸೋಜಿಗವಾಗುತ್ತದೆ. ಅದೇ 1980ರಲ್ಲಿ ಜಪಾನ್ ವಾಹನ ತಯಾರಿಕೆಯಲ್ಲಿ ಅಮೆರಿಕವನ್ನು ಹಿಂದಿಕ್ಕಿತು. ಜಪಾನಿನಲ್ಲಿ, ನಮ್ಮಲ್ಲಿಯಂತೆ, ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ, ಸ್ಟೀರಿಂಗ್ ಬಲಗಡೆ ಇರುತ್ತದೆ. ಅಮೆರಿಕಕ್ಕೆ ಕಾರು ಕಳಿಸುವ ಜಪಾನಿ ಕಂಪನಿ ಮೊದಲು ಮಾಡುತ್ತಿದ್ದ ಕೆಲಸ, ಅಲ್ಲಿನವರು ಯಾವ ಬದಿಯಲ್ಲಿ ಓಡಿಸುತ್ತಾರೆಂದು ವಿಚಾರಿಸಿ ಸ್ಟೀರಿಂಗನ್ನು ಎಡಕ್ಕೆ ಸರಿಸುವುದು. ಕಬ್ಬಿಣದ ಕಾರಿಗೆ ತೋರಿದ ಈ ಸೌಜನ್ಯವನ್ನು ಜೀವಂತ ಗಾಯಕಿಯರಿಗೆ ತೋರಿಸಬೇಕೆಂದು ಎರಡೂ ದೇಶಗಳಲ್ಲಿ ಯಾರಿಗೂ ಹೊಳೆಯಲಿಲ್ಲ. ಜಪಾನಿನ ಕಡೆಯ ವ್ಯವಸ್ಥಾಪಕರೇನೂ ಕಡಿಮೆಯವರಲ್ಲ. 1978ರ ಡಿಸೆಂಬರ್ 31ರ ರಾತ್ರಿ, ಇಡೀ ದೇಶ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆಯ ವರ್ಷಾಂತ್ಯದ ಸಂಗೀತ ಸ್ಪರ್ಧೆಯ ಮುಂದೆ ಚಾಪೆ ಹಾಸಿ ಕೂರುವ ಹೊತ್ತಿನಲ್ಲಿ, ಆ ಸ್ಪರ್ಧೆಗೆ ಬೆನ್ನು ತಿರುಗಿಸಿ ಬೇರೆ ವಾಹಿನಿಯಲ್ಲಿ ಈ ಜೋಡಿಯದೇ ವಿಶೇಷ ಕಾರ್ಯಕ್ರಮ ಇಟ್ಟುಕೊಂಡರು. ಅಂಧ ಮಕ್ಕಳ ನೆರವಿಗೆಂದು ನಡೆದ ಸತ್ಕಾರ್ಯ. ನೋಡಿದವರು ಮಾತ್ರ ಬಹಳ ಕಡಿಮೆ. ತವರಿನಲ್ಲಿ ಬೆಲೆ ಇಳಿಯತೊಡಗಿದ್ದು ಅಲ್ಲಿಂದ. ಪೆಸಿಫಿಕ್ ಸಾಗರದ ಆಚೆ ದಡದ ಹೊಟ್ಟೆಗೂ ಈಚೆ ದಡದ ಹೊಟ್ಟೆಗೂ ಋಣಾನುಬಂಧವಿತ್ತೆಂದು ಕಾಣುತ್ತದೆ.

ಮೊದಲ ಕಂತಿನ ನಂತರ ಕಾರ್ಯಕ್ರಮವನ್ನು ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಸರಿಸಲಾಯಿತು. ಅದೇ ದಿನ, ಅದೇ ಗಂಟೆಗೆ ಸಿಬಿಎಸ್‌ನಲ್ಲಿ 'ಡಲ್ಲಾಸ್' ಧಾರಾವಾಹಿ ಬರುತ್ತಿತ್ತು. ಅದರ ಖಳನಾಯಕ ಜೆ.ಆರ್.ಗೆ ಯಾರೋ ಗುಂಡು ಹೊಡೆದು, ಹೊಡೆದವರು ಯಾರೆಂದು ಅಮೆರಿಕದವರೆಲ್ಲ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡದ್ದು ಆ ಮಾರ್ಚ್ 21ರ ಕಂತಿನಿಂದ. ಜೆ.ಆರ್. ಪಾತ್ರಧಾರಿ ಲ್ಯಾರಿ ಹ್ಯಾಗ್‌ಮನ್ ಅವರೇ ಪಿಂಕ್ ಲೇಡಿಯ ವೇದಿಕೆಗೂ ಅತಿಥಿಯಾಗಿ ಬಂದು ಹೋಗಿದ್ದರು. ಎದುರು ಅಂಗಡಿಯ ಮಾಲನ್ನು ತಂದು ತನ್ನ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ವ್ಯಾಪಾರಿಯ ಔದಾರ್ಯ ಎನ್‌ಬಿಸಿಯದು. ಏಪ್ರಿಲ್ 4ಕ್ಕೆ ಐದು ಕಂತುಗಳು ಮುಗಿದವು. ಆರನೆಯದು ಸಿದ್ಧವಾಗಿತ್ತು, ಪ್ರಸಾರವಾಗಲಿಲ್ಲ.

ಪಿಂಕ್ ಲೇಡಿ 1981ರ ಮಾರ್ಚ್ 31ರಂದು ಟೋಕಿಯೋದ ಕೊರಾಕುಯೆನ್ ಕ್ರೀಡಾಂಗಣದಲ್ಲಿ ಹಾಡಿ ಬೇರೆಯಾದರು. ಆ ವರ್ಷವೇ ಬಂಗಾರದ ಹೊಟ್ಟೆಯೂ ಎನ್‌ಬಿಸಿಯಿಂದ ಹೊರಬಿದ್ದಿತು. 2002ರಲ್ಲಿ ಟಿವಿ ಗೈಡ್ ಪತ್ರಿಕೆ ಸಾರ್ವಕಾಲಿಕ ಕಳಪೆ ಐವತ್ತು ಕಾರ್ಯಕ್ರಮಗಳ ಪಟ್ಟಿ ಮಾಡಿದಾಗ ಈ ಕಾರ್ಯಕ್ರಮಕ್ಕೆ 35ನೆಯ ಸ್ಥಾನ ಸಿಕ್ಕಿತು. ಇಂಗ್ಲಿಷಿನಲ್ಲಿಯೇ ಹಾಡಿದರೂ ಅಮೆರಿಕದ ಹಾಡಿನ ಪಟ್ಟಿಯಲ್ಲಿ 37ನ್ನು ದಾಟಲಾರದವರು ಐದೇ ವಾರದ ಮಾತಿನಿಂದ ಅದಕ್ಕಿಂತ ಎರಡು ಮೆಟ್ಟಿಲು ಮೇಲೆ ಹೋದರು. ಪಟ್ಟಿ ಯಾವುದೆಂದು ದುಭಾಷಿ ಅವರಿಗೆ ಹೇಳಿರಲಾರನೆಂದು ಆಶಿಸೋಣ.